ಮನೆ ಬಿಟ್ಟ ರೆಕಾರ್ಡುಗಳು

ಶನಿವಾರ ಮಧ್ಯಾಹ್ನ ಮುಂದಿನ ಕೋಣೆಯಲ್ಲಿ ಸಂಗೀತ ಶುರುವಾಯಿತೆಂದರೆ ಹೊಲಿಗೆಯಮ್ಮ ಮಿಷನ್ ನಿಲ್ಲಿಸಿ ಅಡುಗೆಮನೆಗೆ ಹೋಗುತ್ತಿದ್ದಳು. ಬಾಗಿಲು ಮುಂದೆ ಮಾಡಿ, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಆಮೇಲೆ ಟೀಗೆ ನೀರಿಡುತ್ತಿದ್ದಳು. ಸಂಗೀತದ ಮೇಲೆ ಅವಳಿಗೇನೂ ಹಗೆ ಇರಲಿಲ್ಲ. ಆದರೆ ಈಚೆಗೆ ಗಂಡ ಹಾಕುವ ಸದ್ದಿಗೆ ಗೂಡಿನಲ್ಲಿಟ್ಟ ಚಮಚಗಳೂ ಕಿಣಿಕಿಣಿ ಅನ್ನುತ್ತಿದ್ದವು.

ಗಂಡ ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದವರು. ಎಷ್ಟೋ ಹುಡುಗರಿಗೆ ಕೆಲಸ ಕಲಿಸಿದ್ದರಿಂದ ಎಲ್ಲರ ಬಾಯಲ್ಲೂ ಲಿಫ್ಟ್ ಮೇಷ್ಟ್ರು. ಕುಡಿತ ಇಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಹುಚ್ಚು, ಶಾಸ್ತ್ರೀಯ ಸಂಗೀತದ ರೆಕಾರ್ಡು, ಕ್ಯಾಸೆಟ್ಟು. ಮುಂದಿನ ಕೋಣೆಯ ಎರಡು ಬೀರುಗಳಲ್ಲಿ ಬಟ್ಟೆ ಇಡಲು ಜಾಗ ಸಿಕ್ಕಿದ್ದೇ ಇಲ್ಲ. ನಿವೃತ್ತಿಯಾದ ಮೇಲಂತೂ ದಿನಾ ಬೆಳಿಗ್ಗೆ ಒಂದೊಂದೇ ರೆಕಾರ್ಡು ತೆಗೆದು ಮೆತ್ತನೆ ಬಟ್ಟೆಯಿಂದ ಒರೆಸಿ, ಎದೆಗಾನಿಸಿಕೊಂಡು ಒಳಗಿಡುತ್ತಿದ್ದರು. "ನನ್ನನ್ನ ಒಂದು ದಿನಾನಾದ್ರೂ ಹೀಗೆ ಒರೆಸಿದ್ದೀರಾ?" ಅಂತ ಅವಳು ಕೇಳಿದರೆ, "ನೀನೇನು ಧೂಳು ಹಿಡಿಯೋಕೆ ಬಿಡ್ತೀಯಾ, ಒಂದು ಕಡೆ ನಿಂತ್ರೆ ತಾನೆ?" ಅನ್ನುತ್ತಿದ್ದರು.

ಮೇಷ್ಟ್ರದ್ದು ಒಂದು ಕಟ್ಟುನಿಟ್ಟು. ಕೇಳೋಕೆ ಯಾರು ಬೇಕಾದರೂ ಬರಬಹುದು, ರೆಕಾರ್ಡು ಮಾತ್ರ ಹೊಸ್ತಿಲು ದಾಟಬಾರದು. ಹಿಂದೆ ಯಾವಾಗಲೋ ಎರವಲು ಹೋದದ್ದೊಂದು ಗೀರು ಬಿದ್ದು ವಾಪಸು ಬಂದಿತ್ತು, ಅವತ್ತು ಅವರು ಊಟ ಬಿಟ್ಟಿದ್ದರು. ಅಂದಿನಿಂದ ಶನಿವಾರದ ಬೈಠಕ್ಕು ಮನೆಯಲ್ಲೇ. ತಪ್ಪದೆ ಬರುವವರು ಇಬ್ಬರು. ಬೀದಿ ತುದಿಯ ಔಷಧಿ ಅಂಗಡಿಯಣ್ಣ, ಮತ್ತೆ ಮಕ್ಕಳಿಗೆ ಪಾಠ ಹೇಳಿ ಈಗ ಬಿಟ್ಟಿರುವ ಪಿಟೀಲು ಟೀಚರ್.

ಆ ಮನೆಯಲ್ಲಿ ಮಗನೂ ಸೊಸೆಯೂ ಇದ್ದರು. ಮಗನಿಗೆ ಬ್ರೆಡ್ ಫ್ಯಾಕ್ಟರಿಯಲ್ಲಿ ಕೆಲಸ, ಬೆಳಗಿನ ಜಾವದ ಪಾಳಿ.

"ಅಪ್ಪ, ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ," ಅಂದ ಅವನು ಒಂದು ಶನಿವಾರ ಊಟಕ್ಕೆ ಕೂತಾಗ. "ನಾನು ಕೋಳಿಗಿಂತ ಮುಂಚೆ ಎದ್ದು ಹಿಟ್ಟು ಕಲಸೋನು. ಮಧ್ಯಾಹ್ನ ಕಣ್ಣು ಮುಚ್ಚೋಣ ಅಂದ್ರೆ ನಿಮ್ಮ ಗಾಯಕಿ ನನ್ನ ದಿಂಬಿನ ಮೇಲೇ ಕೂತು ಹಾಡ್ತಾಳೆ."

"ಏನಂದೆ?"

"ದಿಂಬಿನ ಮೇಲೆ ಕೂತು ಹಾಡ್ತಾಳೆ ಅಂದೆ!"

"ಅಂಥಾ ದೊಡ್ಡ ಗಾಯಕಿ ನಿನ್ನ ದಿಂಬಿನ ಮೇಲೆ ಕೂತು ಹಾಡಿದ್ರೆ ಪುಣ್ಯ ಮಾಡಿದ್ದೆ ಅಂದ್ಕೋ."

"ಕೆಳಗಿನ ಮನೆಯವರು ಪೊರಕೆ ಕೋಲಿಂದ ಛಾವಣಿ ಕುಟ್ತಾರೆ, ಗೊತ್ತಾ?"

"ಅದಾ? ತಾಳ ಹಾಕ್ತಿದ್ದಾರೆ ಅಂದ್ಕೊಂಡಿದ್ದೆ."

ಸೊಸೆ ಬಾಯಲ್ಲಿದ್ದ ನೀರು ಉಗುಳುವಷ್ಟು ನಕ್ಕಳು. ಮಗ ನಗಲಿಲ್ಲ. ತಟ್ಟೆ ಎತ್ತಿಕೊಂಡು ಎದ್ದು ಹೋದ. ಹೊಲಿಗೆಯಮ್ಮ ಇಬ್ಬರ ನಡುವೆ ಸೌಟು ಹಿಡಿದು ನಿಂತವಳು, ಉಳಿದ ಆಲೂಗಡ್ಡೆಯನ್ನು ಗಂಡನ ತಟ್ಟೆಗೇ ಬಡಿಸಿದಳು.

ಸಂಜೆ ಪಾತ್ರೆ ತೊಳೆಯುವಾಗ ಸೊಸೆ ಪಕ್ಕದಲ್ಲಿ ನಿಂತು ಒರೆಸಿಡುತ್ತಿದ್ದಳು. ಅವಳಿಗೆ ಕಿವಿ ಆಸ್ಪತ್ರೆಯೊಂದರ ಕೌಂಟರಿನಲ್ಲಿ ಕೆಲಸ.

"ಅತ್ತೆ, ಒಂದು ಮಾತು ಹೇಳ್ಲಾ? ಮಾವನಿಗೆ ಕಿವಿ ಮಂದ ಆಗಿದೆ. ದಿನಾ ಕೌಂಟರಲ್ಲಿ ನೋಡೋ ಮುಖ ಅದು. ನಾವು ಹೇಳಿದ್ದು ಕೇಳಿಸಲ್ಲ, ತುಟಿ ನೋಡ್ತಾರೆ, ಆಮೇಲೆ ಒಂದು ಜೋಕು ಮಾಡಿ ದಾಟಿಬಿಡ್ತಾರೆ."

"ಗೊತ್ತು ಕಣಮ್ಮ," ಅಂದಳು ಹೊಲಿಗೆಯಮ್ಮ.

"ಗೊತ್ತಾ? ಯಾವಾಗಿಂದ?"

"ಹೋದ ಚಳಿಗಾಲದಿಂದ. ಹಿಂದೆ ನಿಂತು ಕರೆದ್ರೆ ತಿರುಗ್ತಿರ್ಲಿಲ್ಲ. ಮೊದಲು ಕೊಬ್ಬು ಅಂದ್ಕೊಂಡೆ."

"ಮತ್ತೆ ಹೇಳಬಾರ್ದಾ? ಒಂದು ಪರೀಕ್ಷೆ ಮಾಡಿಸಿದ್ರೆ ಆಯ್ತಲ್ಲ."

"ಯಾರು ಹೇಳ್ತಾರೆ? ಹೆಂಗೆ ಹೇಳೋದು? ಬೇರೆಯವರಿಗೆ ಕಿವಿ ಅಂದ್ರೆ ಕಿವಿ. ಇವರಿಗೆ ಅದೇ ಎಲ್ಲಾ." ಅವಳು ಬಾಣಲೆಯನ್ನು ತಿಕ್ಕಿದ ಕಡೆಯೇ ಮತ್ತೆ ತಿಕ್ಕಿದಳು. "ಔಷಧಿ ಅಂಗಡಿಯಣ್ಣನಿಗೂ ಗೊತ್ತು. ನಂಗೆ ಹತ್ತಿ ತಂದುಕೊಡೋನು ಅವನೇ. ಅವನೂ ಇಟ್ಕೋತಾನೆ, ಟೀಚರೂ ಇಟ್ಕೋತಾರೆ. ಕಿವಿ ಮೇಲೆ ಕೂದಲು ಎಳ್ಕೊಂಡು ಕೂತಿರ್ತಾರೆ, ಪಾಪ."

ಸೊಸೆ ಬೆರಗಾಗಿ ನಿಂತಳು. "ಅಂದ್ರೆ ಸಂಗೀತ ಕೇಳೋಕೆ ಬರೋರು ಹತ್ತಿ ಇಟ್ಕೊಂಡು ಕೂರ್ತಾರಾ?"

"ಸಂಗೀತಕ್ಕಲ್ಲಮ್ಮ ಅವರು ಬರೋದು ಈಗ. ಇವರಿಗೋಸ್ಕರ ಬರ್ತಾರೆ."

ಹೀಗೇ ಇನ್ನೂ ಎಷ್ಟು ದಿನ ನಡೆಯುತ್ತಿತ್ತೋ. ಆದರೆ ಮುಂದಿನ ಶನಿವಾರ ಬೈಠಕ್ಕಿಗೆ ಹೊಸಬಳೊಬ್ಬಳು ಬಂದಳು. ಟ್ಯಾಕ್ಸಿ ಓಡಿಸುವ ಹುಡುಗಿ. ಪಿಟೀಲು ಟೀಚರನ್ನು ಒಮ್ಮೆ ಕೂರಿಸಿಕೊಂಡು ಹೋಗುವಾಗ ಕಾರಿನ ರೇಡಿಯೋದಲ್ಲಿ ಹಾಡು ಬರುತ್ತಿತ್ತಂತೆ. ಇಳಿಯುವ ಜಾಗ ಬಂದರೂ ಇಬ್ಬರೂ ಮುಗಿಯುವ ತನಕ ಕೂತೇ ಇದ್ದರಂತೆ. ಅಲ್ಲಿಂದ ಗೆಳೆತನ. ಅವಳು ಚಪ್ಪಲಿ ಬಿಟ್ಟು, ಕೈಕಟ್ಟಿಕೊಂಡು, ಪರೀಕ್ಷೆಗೆ ಬಂದವಳ ಹಾಗೆ ಕುರ್ಚಿಯ ತುದಿಗೆ ಕೂತಳು.

ಮೇಷ್ಟ್ರಿಗೆ ಹೊಸ ಕೇಳುಗರೆಂದರೆ ಹಬ್ಬ. ಇರುವುದರಲ್ಲೇ ಒಳ್ಳೆಯ ರೆಕಾರ್ಡು ಆರಿಸಿದರು, ಆ ದೊಡ್ಡ ಗಾಯಕಿ ವಯಸ್ಸಾದ ಮೇಲೆ ಹಾಡಿದ್ದು, ಜೊತೆಗೆ ಪಿಟೀಲು. ಮುಳ್ಳನ್ನು ಮೆಲ್ಲಗೆ ಇಳಿಸಿದರು. ಸದ್ದಿನ ಗುಂಡಿ ತಿರುಗಿಸಿದರು. ಇನ್ನೂ ತಿರುಗಿಸಿದರು.

ಹುಡುಗಿ ಬೆಚ್ಚಿಬಿದ್ದು ಎರಡೂ ಕೈ ಕಿವಿಗೆ ಒಯ್ದಳು.

"ಸಾರ್, ಯಾಕಿಷ್ಟು ಜೋರು? ಒಡೆದುಹೋಗ್ತಿದೆ ಅವರ ದನಿ!"

ಟೀ ತರುತ್ತಿದ್ದ ಹೊಲಿಗೆಯಮ್ಮ ಬಾಗಿಲಲ್ಲೇ ನಿಂತಳು. ಹುಡುಗಿ ಏನಂದಳೆಂದು ಮೇಷ್ಟ್ರಿಗೆ ಕೇಳಿಸಿರಲಿಲ್ಲ, ಆದರೆ ಕಿವಿಯ ಮೇಲಿನ ಕೈ ಕಾಣಿಸಿತ್ತು. ಅವರು ಔಷಧಿ ಅಂಗಡಿಯಣ್ಣನ ಕಡೆ ತಿರುಗಿದರು. ಅವನು ಅವಸರದಲ್ಲಿ ತಲೆ ಅಲ್ಲಾಡಿಸಿದ, "ಏನಿಲ್ಲ ಮೇಷ್ಟ್ರೇ, ಏನಿಲ್ಲ." ಹಾಗೆ ಅಲ್ಲಾಡಿಸಿದ ರಭಸಕ್ಕೆ ಒಂದು ಕಿವಿಯ ಹತ್ತಿ ಸಡಿಲಾಗಿ ಹೆಗಲ ಮೇಲೆ ಬಿತ್ತು.

ಮೇಷ್ಟ್ರು ಅದನ್ನು ಎರಡು ಬೆರಳಲ್ಲಿ ಎತ್ತಿದರು. ತಿರುಗಿಸಿ ನೋಡಿದರು. ಟೀಚರ್ ತಲೆ ತಗ್ಗಿಸಿದರು. ಮೇಷ್ಟ್ರ ಕಣ್ಣು ಕೊನೆಗೆ ಬಾಗಿಲಲ್ಲಿ ನಿಂತ ಹೆಂಡತಿಯ ಮೇಲೆ ಬಂದು ನಿಂತಿತು. ಅವಳ ಕಿವಿಯಲ್ಲೂ ಬಿಳಿ.

ಅವರು ಮುಳ್ಳು ಎತ್ತಿದರು. "ಇವತ್ತಿಗೆ ಸಾಕು," ಅಂದರು. ರೆಕಾರ್ಡನ್ನು ಒರೆಸಿ, ಕವರಿಗೆ ಹಾಕಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು. ಟೀ ಯಾರೂ ಕುಡಿಯಲಿಲ್ಲ.

ಎಲ್ಲರೂ ಹೋದ ಮೇಲೆ ಮೇಷ್ಟ್ರು ಅಡುಗೆಮನೆಗೆ ಬಂದರು.

"ನಿಂಗೂ ಗೊತ್ತಿತ್ತು."

"ಗೊತ್ತಿತ್ತು ರೀ."

"ಎಲ್ಲರೂ ಸೇರ್ಕೊಂಡು ನನ್ನ ಹಿಂದೆ ನಗ್ತಿದ್ರಿ."

"ಯಾರೂ ನಗಲಿಲ್ಲ. ನಗೋ ಹಾಗಿದ್ರೆ ಯಾವತ್ತೋ ಹೇಳ್ಬಿಡ್ತಿದ್ವಿ."

"ಏನು?"

ಅವಳು ಹತ್ತಿರ ಬಂದು, ಮುಖಕ್ಕೆ ಮುಖ ಕೊಟ್ಟು ಮತ್ತೆ ಹೇಳಿದಳು. ಎರಡನೇ ಸಲ ಹೇಳುವಾಗ ಅದು ಸಮಾಧಾನದ ಮಾತಿನ ಹಾಗಿರಲಿಲ್ಲ, ಜಗಳದ ಹಾಗಿತ್ತು. ಮೇಷ್ಟ್ರು ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದರು.

ಆಮೇಲಿನ ವಾರಗಳು ಆ ಮನೆಗೆ ಹೊಸವು. ಸಂಗೀತವಿಲ್ಲ, ಜಗಳವಿಲ್ಲ, ಜೋಕಿಲ್ಲ. ಮೇಷ್ಟ್ರು ಬಡಿಸಿದ್ದನ್ನು ಉಣ್ಣುವರು, ಬಾಲ್ಕನಿಯಲ್ಲಿ ಕೂರುವರು. ಸೊಸೆ ಪರೀಕ್ಷೆಯ ಮಾತೆತ್ತಿದರೆ, "ಲಿಫ್ಟ್ ಹಳೇದಾದ್ರೆ ಬೋರ್ಡ್ ತಗುಲಿಹಾಕಿ ಬೀಗ ಹಾಕ್ತಾರಮ್ಮ. ಕೆದಕಬಾರ್ದು," ಅನ್ನುವರು. ಔಷಧಿ ಅಂಗಡಿಯಣ್ಣ ಎರಡು ಸಲ ಬಾಗಿಲ ತನಕ ಬಂದು, ಹೊಲಿಗೆಯಮ್ಮನ ಜೊತೆ ಪಿಸುಗುಟ್ಟಿ ಹೋದ. ಯಾಕೆ ಪಿಸುಗುಟ್ಟುತ್ತಿದ್ದರೋ ಅವರಿಗೇ ಗೊತ್ತಿಲ್ಲ.

ಮೊದಲು ಸೋತವನು ಮಗ. ಒಂದು ಮಧ್ಯಾಹ್ನ ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಎದ್ದು ಬಂದು ತಾಯಿಯ ಮಿಷನ್ನಿನ ಪಕ್ಕ ಕೂತ.

"ನಿದ್ದೆ ಬರ್ತಿಲ್ಲ ಅಮ್ಮ."

"ಈಗೇನೋ ಅಡ್ಡಿ? ಸೂಜಿ ಬಿದ್ರೆ ಕೇಳಿಸುತ್ತೆ."

"ಅದೇ ಅಡ್ಡಿ. ಮನೆ ಖಾಲಿ ಮಾಡ್ಕೊಂಡು ಹೋದ ಹಾಗಿದೆ." ನೂಲಿನ ಉಂಡೆ ಹೊರಳಿಸುತ್ತ, "ನಾನು ಅವತ್ತು ಜಾಸ್ತಿ ಮಾತಾಡಿದ್ನಾ?" ಅಂದ.

"ನಂಗೇನು ಹೇಳ್ತೀಯ, ಅಪ್ಪನಿಗೆ ಹೇಳು."

ಮಗ ಹೇಳಲಿಲ್ಲ. ಮಾರನೆಯ ದಿನ ಫ್ಯಾಕ್ಟರಿಯಿಂದ ಬಿಸಿ ಬ್ರೆಡ್ಡು ತಂದು ಅಪ್ಪನ ತಟ್ಟೆಯ ಪಕ್ಕ ಇಟ್ಟು ಹೋದ. ಮೇಷ್ಟ್ರು ಅದನ್ನು ಮುರಿದು ಮೂಸಿ ನೋಡಿ, ಪೂರ್ತಿ ತಿಂದರು. ಅಪ್ಪ ಮಗನ ನಡುವೆ ಅಷ್ಟೇ ಮಾತು.

ಅದೇ ವಾರ ಮೇಷ್ಟ್ರು ಊಟದ ಹೊತ್ತಿಗೆ ಎಲ್ಲರಿಗೂ ಕೇಳುವ ಹಾಗೆ ಸಾರಿದರು. "ಹಳೇ ಸಾಮಾನಿನವನಿಗೆ ಹೇಳಿದ್ದೀನಿ. ಸೋಮವಾರ ಬರ್ತಾನೆ. ರೆಕಾರ್ಡು, ಕ್ಯಾಸೆಟ್ಟು, ಪ್ಲೇಯರು, ಎಲ್ಲಾ ತಗೊಂಡು ಹೋಗ್ಲಿ. ಬೀರುಗೆ ಬಟ್ಟೆ ಇಟ್ಕೊಳ್ಳಿ."

"ಅಪ್ಪ, ಏನ್ ಮಾತಾಡ್ತೀರ?" ಅಂದ ಮಗ.

"ನಿಂಗೆ ನಿದ್ದೆ ಬೇಕಿತ್ತಲ್ಲ, ತಗೋ."

ಹೊಲಿಗೆಯಮ್ಮನಿಗೆ ಗಂಡನ ಸ್ವಭಾವ ಗೊತ್ತು, ಹಟಕ್ಕೆ ಬಿದ್ದಾಗ ಎದುರು ಮಾತಾಡಿದರೆ ಹಗ್ಗ ಇನ್ನೂ ಬಿಗಿಯಾಗುತ್ತದೆ. ಮಾರನೆಯ ದಿನ ಮೇಷ್ಟ್ರು ಸ್ನಾನಕ್ಕೆ ಹೋದಾಗ ಅಂಗಿ ಜೇಬಿನಿಂದ ಬೀಗದ ಕೈ ತೆಗೆದು ಬೀರು ತೆರೆದಳು. ಓದಿ ಹುಡುಕುವ ಗೋಜೇ ಇರಲಿಲ್ಲ, ಕವರಿನ ಬಣ್ಣ ನೋಡಿಯೇ ಗೊತ್ತಾಗುತ್ತಿತ್ತು. ತನಗೆ ಕಿವಿಯಿಲ್ಲ, ಸಂಗೀತ ಅರ್ಥವಾಗುವುದಿಲ್ಲ ಅಂತ ಅವಳು ನಂಬಿಕೊಂಡಿದ್ದಳು. ಆದರೆ ಯಾರಿಗೆ ಯಾವುದು ಇಷ್ಟ ಅನ್ನುವುದು ಅವಳಿಗೆ ಹೇಗೋ ತಿಳಿದಿತ್ತು. ಕೊಳಲಿನ ರೆಕಾರ್ಡು ಹಾಕಿದ ದಿನ ಔಷಧಿ ಅಂಗಡಿಯಣ್ಣನ ಟೀ ಕೆನೆಗಟ್ಟಿ ತಣ್ಣಗೆ ವಾಪಸು ಬರುತ್ತಿತ್ತು. ಇಬ್ಬರು ಪಿಟೀಲಿನವರು ಜೊತೆಗೂಡಿ ನುಡಿಸಿದ್ದು ಹಾಕಿದರೆ ಟೀಚರ್ ಹೋಗುವಾಗ ಅಡುಗೆಮನೆಗೆ ಬಂದು, ಕಾರಣವಿಲ್ಲದೆ ಅವಳ ಕೈ ಹಿಡಿದು ಹೋಗುತ್ತಿದ್ದರು. ಇನ್ನು ಟ್ಯಾಕ್ಸಿ ಹುಡುಗಿಗೆ, ಪಾಪ, ಪೂರ್ತಿ ಕೇಳಿಸದೇ ಹೋದ ಆ ಗಾಯಕಿ. ಅದರ ಕ್ಯಾಸೆಟ್ಟೂ ಇತ್ತು.

ಮೂರನ್ನೂ ಚೀಲಕ್ಕೆ ಹಾಕಿ, ಮೇಲೆ ಹೊಲಿದು ಮುಗಿಸಿದ ಪ್ಯಾಂಟುಗಳನ್ನು ಮಡಚಿಟ್ಟು, "ಬಟ್ಟೆ ಕೊಟ್ಟು ಬರ್ತೀನಿ ರೀ," ಅಂತ ಹೊರಟಳು. ಬಚ್ಚಲಿನೊಳಗಿಂದ ಅವರಿಗೆ ಅದು ಕೇಳಿಸಲಿಲ್ಲ. ಕೇಳಿಸದ ಮಾತನ್ನಾದರೂ ಹೇಳಿ ಹೋಗುತ್ತಿದ್ದೇನಲ್ಲ ಅಂತ ಅವಳಿಗೊಂದು ಸಮಾಧಾನ.

ಸೋಮವಾರ ಹಳೇ ಸಾಮಾನಿನವನು ಬಂದ. ಮೇಷ್ಟ್ರು ಬೀರು ತೆರೆದರು. ತೆರೆದವರು ಹಾಗೇ ನಿಂತರು. ಅಷ್ಟು ಸಾಲಿನ ನಡುವೆ ಮೂರು ಕಡೆ ಮಾತ್ರ ಸಂದು ಬಿಟ್ಟಿತ್ತು. ಬೇರೆಯವರ ಕಣ್ಣಿಗೆ ಅದು ಕಾಣುವಂಥದ್ದಲ್ಲ.

"ನನ್ನ ಕೊಳಲು ಎಲ್ಲಿ?" ಅವರ ದನಿಗೆ ಮಗ ಎದ್ದು ಓಡಿಬಂದ. "ಜೋಡಿ ಪಿಟೀಲು ಎಲ್ಲಿ? ಯಾರು ಮುಟ್ಟಿದ್ದು ಇದನ್ನ?"

"ನಾನೇ," ಅಂದಳು ಹೊಲಿಗೆಯಮ್ಮ, ಮಿಷನ್ನಿನಿಂದ ಏಳದೆ. "ಕೇಳೋರಿಗೆ ಕೊಟ್ಟೆ."

"ಕೊಟ್ಟೆ? ನನ್ನನ್ನ ಕೇಳ್ದೆ? ಮನೆಯಿಂದ ಆಚೆಗೆ?"

"ಮಾರೋ ಸಾಮಾನಿಗೆ ಇಷ್ಟು ಸಿಟ್ಟು ಯಾಕ್ರೀ? ಇವನಿಗೆ ಕೊಟ್ರೆ ಹೊಸ್ತಿಲು ದಾಟಲ್ವಾ?"

ಹಳೇ ಸಾಮಾನಿನವನು ಒಮ್ಮೆ ಇವರ ಮುಖ, ಒಮ್ಮೆ ಅವಳ ಮುಖ ನೋಡಿದ. ತುಂಬಾ ಮನೆ ನೋಡಿದವನು. "ಯಜಮಾನ್ರೇ, ನೀವು ಮೊದಲು ಜಗಳ ಮುಗಿಸ್ಕೊಳ್ಳಿ. ನನ್ನ ಗಾಡಿ ಎಲ್ಲೂ ಹೋಗಲ್ಲ," ಅಂತ ಹೇಳಿ ಮೆಟ್ಟಿಲಿಳಿದ.

ಮೇಷ್ಟ್ರು ಚಪ್ಪಲಿ ಮೆಟ್ಟಿದರು. "ಈಗ್ಲೇ ಹೋಗಿ ತರ್ತೀನಿ. ಒಂದೊಂದನ್ನೂ ತರ್ತೀನಿ."

"ನಾನೂ ಬರ್ತೀನಿ," ಅಂದಳು ಅವಳು, ನೂಲು ಕಡಿದು ಎದ್ದು. "ಬೈಯೋದಿದ್ರೆ ದಾರೀಲಿ ಬೈಯಬಹುದು."

ದಾರಿಯಲ್ಲಿ ಬೈಯಲಿಲ್ಲ. ಬಿರುಸಾಗಿ ನಡೆದರು, ಅವಳು ಅರ್ಧ ಓಡುತ್ತ ಹಿಂದೆ. ಔಷಧಿ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಕೌಂಟರಿನಾಚೆ, ಡಬ್ಬ ಪೇರಿಸಿಟ್ಟ ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಅಲ್ಲಿ ಅಟ್ಟದಿಂದಿಳಿಸಿದ ಹಳೆಯದೊಂದು ಪ್ಲೇಯರ್ ತಿರುಗುತ್ತಿತ್ತು. ಔಷಧಿ ಅಂಗಡಿಯಣ್ಣ ಸ್ಟೂಲಿನ ಮೇಲೆ ಗೋಡೆಗೊರಗಿ ಕಣ್ಣು ಮುಚ್ಚಿ ಕೂತಿದ್ದ. ಕೊಳಲು ಎಷ್ಟು ಮೆಲ್ಲಗೆ ಬರುತ್ತಿತ್ತೆಂದರೆ ಹೊಲಿಗೆಯಮ್ಮ ಕೂಡ ಉಸಿರು ಬಿಗಿಹಿಡಿದು ಕೇಳಬೇಕಾಯಿತು.

ಅವಳು ಗಂಡನ ಕಡೆ ನೋಡಿದಳು. ಅವರಿಗೆ ಏನೂ ಕೇಳಿಸುತ್ತಿಲ್ಲ ಅನ್ನುವುದು ಮುಖದಲ್ಲೇ ಗೊತ್ತಾಯಿತು. ತಿರುಗುತ್ತಿರುವ ರೆಕಾರ್ಡನ್ನು ನೋಡಿದರು. ಸ್ನೇಹಿತನ ಮುಖ ನೋಡಿದರು. ಅವನ ಗದ್ದ ಮೆಲ್ಲಗೆ ಮೇಲೇರಿತು, ಅಲ್ಲೇ ತಡೆಯಿತು, ಆಮೇಲೆ ತುಟಿಯ ಒಂದು ಮೂಲೆ ನಡುಗಿತು. ಮೇಷ್ಟ್ರ ಬೆರಳು ತೊಡೆಯ ಮೇಲೆ ತಾನೇ ತಾನಾಗಿ ಆಡತೊಡಗಿತು. ಕೊಳಲು ಎಲ್ಲಿಗೆ ಬಂದಿದೆ ಅಂತ ಅವನ ಮುಖದಿಂದಲೇ ಹಿಡಿದುಬಿಟ್ಟಿದ್ದರು.

ಔಷಧಿ ಅಂಗಡಿಯಣ್ಣ ಕಣ್ಣು ಬಿಟ್ಟು ಗಾಬರಿಯಾಗಿ ಎದ್ದ. "ಮೇಷ್ಟ್ರೇ! ಅಕ್ಕ ಕೊಟ್ರು ಅಂತ... ಸೌಂಡ್ ಜಾಸ್ತಿ ಮಾಡ್ಲಾ?"

"ಬೇಡ ಬೇಡ. ಕೂತ್ಕೋ." ಮೇಷ್ಟ್ರು ಅವನ ಭುಜ ಒತ್ತಿ ಮತ್ತೆ ಕೂರಿಸಿದರು. "ನನ್ನ ಮನೇಲಿ ನಿನ್ನ ಮುಖ ಹೀಗಿರ್ತಿರ್ಲಿಲ್ಲ ಕಣೋ. ಈಚೆಗೆ."

ಅವನು ಪಕ್ಕದ ಡಬ್ಬದ ಮೇಲಿದ್ದ ಮಾತ್ರೆ ಪಟ್ಟಿಯನ್ನು ಮಡಚಿದ, ಬಿಚ್ಚಿದ.

"ಬಟ್ಟೇಲಿ ಒರೆಸಿಡು. ಬೆರಳು ತಾಗಿಸ್ಬೇಡ," ಅಂತ ಹೇಳಿ ಮೇಷ್ಟ್ರು ಬರಿಗೈಯಲ್ಲಿ ಹೊರಬಂದರು.

ಬೀದಿಗೆ ಬಂದ ಮೇಲೆ ಅವರ ಬಿರುಸೆಲ್ಲ ಇಳಿದು, ಅಂಗಡಿ ಮೆಟ್ಟಿಲ ಮೇಲೇ ಕೂತುಬಿಟ್ಟರು. ಟೀಚರ್ ಮನೆ ಇನ್ನೂ ದೂರ. ಹೊಲಿಗೆಯಮ್ಮ ಟ್ಯಾಕ್ಸಿ ಹುಡುಗಿಗೆ ಫೋನು ಮಾಡಿದಳು. ಹುಡುಗಿ ಹತ್ತಿರದಲ್ಲೇ ಇದ್ದಳು. ಬಂದವಳೇ ಇಳಿದು ಬಾಗಿಲು ತೆಗೆದು, ಮೇಷ್ಟ್ರ ಮುಂದೆ ತಪ್ಪಿತಸ್ಥೆಯ ಹಾಗೆ ನಿಂತಳು.

"ಸಾರ್, ಅವತ್ತು ನಾನು ಹಾಗನ್ನಬಾರದಿತ್ತು."

"ಏನಂದೆ ಅಂತಾನೇ ನಂಗೆ ಕೇಳಿಸಿರ್ಲಿಲ್ಲ ಬಿಡಮ್ಮ," ಅಂದರು ಮೇಷ್ಟ್ರು. ಎಷ್ಟೋ ದಿನದ ಮೇಲೆ ಅವರ ಬಾಯಿಂದ ಬಂದ ಮೊದಲ ಜೋಕು ಅದು.

ಟ್ಯಾಕ್ಸಿ ಹಳೆಯದು, ಅದರಲ್ಲಿನ್ನೂ ಕ್ಯಾಸೆಟ್ ಹಾಕುವ ಕಿಂಡಿ ಇತ್ತು. ಹುಡುಗಿ ಅಳುಕುತ್ತ ಕೇಳಿದಳು, "ಹಾಕ್ಲಾ? ದಿನಾ ಅದೇ ಕೇಳ್ತಿದ್ದೀನಿ." ಗಾಜುಗಳನ್ನು ಏರಿಸಿದಳು. ಹಿಂದಿನ ಸೀಟಿನ ಸ್ಪೀಕರು ಮೇಷ್ಟ್ರ ಎಡಗಿವಿಗೆ ಒತ್ತಿಕೊಂಡ ಹಾಗೇ ಇತ್ತು.

ಗಾಯಕಿಯ ದನಿ ಬಂತು. ವಯಸ್ಸಾದ, ತಗ್ಗಿನ, ಮಾಗಿದ ದನಿ. ಮೇಷ್ಟ್ರು ನೆಟ್ಟಗಾದರು. ಗುಂಡಿ ಯಾರೂ ತಿರುಗಿಸಿರಲಿಲ್ಲ, ಆದರೂ ಅದು ಅವರಿಗೆ ಸಿಕ್ಕುತ್ತಿತ್ತು. ಸ್ವಲ್ಪ ಹೊತ್ತಿಗೆ ಅವರ ಹಣೆ ಗಂಟಾಯಿತು.

"ಪಿಟೀಲು ಎಲ್ಲಿ? ಇಲ್ಲಿ ಪಿಟೀಲು ಬರ್ಬೇಕು."

"ಬರ್ತಿದೆಯಲ್ರೀ," ಅಂದಳು ಹೊಲಿಗೆಯಮ್ಮ.

"ಬರ್ತಿದೆಯಾ?" ಅವರ ಮುಖ ಸಣ್ಣದಾಯಿತು. ಮೇಲಿನ ಸ್ವರದ ಸಣ್ಣ ದನಿಗಳು ಮೊದಲು ಹೋಗುತ್ತವಂತೆ, ಸೊಸೆ ಹೇಳಿದ್ದಳು. ಅವರು ಹೊರಗೆ ನೋಡುತ್ತ ಕೂತರು. ಆಮೇಲೆ ಅವಳ ಕಡೆ ತಿರುಗಿ, ಯಾವತ್ತೂ ಕೇಳದ್ದನ್ನು ಕೇಳಿದರು. "ಹೆಂಗಿದೆ ಹೇಳು."

"ನಂಗೇನ್ರೀ ಗೊತ್ತಾಗುತ್ತೆ? ರಾಗ ಗೀಗ..."

"ರಾಗ ನಂಗೆ ಗೊತ್ತು. ನಿಂಗೆ ಏನು ಕೇಳಿಸ್ತಿದೆ ಅದನ್ನ ಹೇಳು."

ಅವಳು ಕಣ್ಣು ಮುಚ್ಚಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ಹಾಡಿನ ಮುಂದೆ ಅವಳು ಕೂತದ್ದು ಅದೇ ಮೊದಲು. ಮೊದಲಿಗೆ ಎಲ್ಲ ಕಲಸಿಹೋಗಿತ್ತು. ಆಮೇಲೆ ಒಂದೊಂದೇ ಎಳೆ ಬೇರೆಯಾಗಿ ಕಂಡಿತು.

"ಹಾಡೋಳು ಬಟ್ಟೆ ಕತ್ತರಿಸ್ಕೊಂಡು ಮುಂದೆ ಮುಂದೆ ಹೋಗ್ತಿದ್ದಾಳೆ," ಅಂದಳು, ಗಂಡನ ಕಿವಿಗೆ ಬಾಯಿಟ್ಟು. "ಗುರುತು ಹಾಕ್ಕೊಂಡಿಲ್ಲ, ಕೈಗೆ ಬಂದ ಹಾಗೆ ಹೋಗ್ತಿದ್ದಾಳೆ. ಪಿಟೀಲಿನವನು ಹಿಂದಿಂದ ಅಂಚು ಮಡಚಿ ಹೊಲೀತಾ ಬರ್ತಿದ್ದಾನೆ. ಸಣ್ಣ ಹೊಲಿಗೆ. ಒಂದು ನೂಲು ಆಚೆ ಬಿಡ್ತಿಲ್ಲ."

"ಹೂಂ. ಆಮೇಲೆ?"

"ಈಗ ಅವಳು ಗಕ್ಕಂತ ತಿರುಗಿದ್ಲು. ಅವನು ಮುಂದೆ ಹೋಗ್ಬಿಟ್ಟಿದ್ದ. ವಾಪಸು ಬರ್ತಿದ್ದಾನೆ, ಬಿಚ್ಕೊಂಡು ಬಿಚ್ಕೊಂಡು."

ಮೇಷ್ಟ್ರು ಜೋರಾಗಿ ನಕ್ಕರು. "ಹೌದು! ಅಲ್ಲಿ ಅವನು ದಾರಿ ತಪ್ತಾನೆ! ತಪ್ಪಿದ್ದೇ ಚೆಂದ ಅದು! ನಿಂಗೆ ಅದು ಗೊತ್ತಾಯ್ತಾ?" ಅವರ ಕಣ್ಣಲ್ಲಿ ನೀರು ತುಂಬಿತ್ತು. ಅವಳು ಸೆರಗಿನ ತುದಿಯನ್ನು ಅವರ ಕೈಗೆ ಕೊಟ್ಟು ಮುಂದಿನದನ್ನು ಹೇಳತೊಡಗಿದಳು. ಹುಡುಗಿ ಟೀಚರ್ ಮನೆಯ ತಿರುವು ದಾಟಿ ಸುಮ್ಮನೆ ಓಡಿಸುತ್ತಲೇ ಇದ್ದಳು. ಯಾಕೆ ಅಂತ ಹಿಂದೆ ಕೂತವರು ಕೇಳಲಿಲ್ಲ.

ಹಳೇ ಸಾಮಾನಿನವನನ್ನು ವಾಪಸು ಕಳಿಸಿ, ಆ ವಾರವೇ ಮೇಷ್ಟ್ರು ಸೊಸೆಯ ಜೊತೆ ಆಸ್ಪತ್ರೆಗೆ ಹೋದರು. ಕೌಂಟರಿನಲ್ಲಿ, "ಇವಳು ನಮ್ಮ ಸೊಸೆ. ಇವಳ ಮಾತು ಕೇಳಲಿಲ್ಲ ಅಂತ ಬಂದಿದ್ದೀನಿ," ಅಂತ ಎಲ್ಲರಿಗೂ ಹೇಳಿದರಂತೆ. ಕಿವಿಗೊಂದು ಯಂತ್ರ ಬಂತು. ಮನೆಗೆ ಬಂದು ಹಾಕಿಕೊಂಡ ಮೊದಲ ಸಂಜೆ ಅವರು ಅಡುಗೆಮನೆ ಬಾಗಿಲಿಗೆ ಬಂದು ಬೆರಗಾಗಿ ನಿಂತರು.

"ನೀನು ಕೆಲಸ ಮಾಡ್ತಾ ಹೀಗೆಲ್ಲಾ ಗೊಣಗ್ತೀಯಾ?"

"ಮೊದಲಿಂದಾನೂ," ಅಂದಳು ಹೊಲಿಗೆಯಮ್ಮ.

"ನನ್ನ ಬಗ್ಗೆನಾ?"

"ಮತ್ತಿನ್ಯಾರ ಬಗ್ಗೆ?"

ಮಾತಿಗೆ ಯಂತ್ರ ಒದಗಿತು, ಸಂಗೀತಕ್ಕೆ ಅಷ್ಟಕ್ಕಷ್ಟೆ. ರೆಕಾರ್ಡು ಹಾಕಿದರೆ ತಗಡಿನ ಡಬ್ಬದೊಳಗೆ ಕೂತು ಹಾಡಿದ ಹಾಗಾಗುತ್ತದೆ ಅಂದರು. ಸೊಸೆ ಡಾಕ್ಟರ ಹತ್ತಿರ ಮತ್ತೆ ಒಯ್ದು ಏನೇನೋ ಸರಿಮಾಡಿಸಿ ತಂದಳು, ತುಸು ಮೇಲು. ಪಿಟೀಲಿನ ಮೇಲಿನ ಸ್ವರಗಳು ಮಾತ್ರ ಹಿಂತಿರುಗಲಿಲ್ಲ. ಹಿಂತಿರುಗುವುದಿಲ್ಲ ಅಂತ ಡಾಕ್ಟರೂ ಹೇಳಿದರು. ಮೇಷ್ಟ್ರು ಎರಡು ದಿನ ಮಂಕಾಗಿದ್ದು, ಮೂರನೆಯ ದಿನ ಬೀರುವಿನ ಬೀಗ ತೆಗೆದು ಬೀಗದ ಕೈಯನ್ನು ಹೆಂಡತಿಯ ಮಿಷನ್ನಿನ ಮೇಲಿಟ್ಟರು.

"ಯಾರಿಗೆ ಯಾವುದು ಕೊಡ್ಬೇಕೋ ನೀನೇ ಕೊಡು. ನನಗಿಂತ ಚೆನ್ನಾಗಿ ನಿಂಗೆ ಗೊತ್ತು."

"ಹೊರಗೆ ಹೋದ್ರೆ ಗೀರು ಬೀಳುತ್ತೆ ಅಂತಿದ್ರಿ?"

"ಬೀಳ್ಲಿ. ಒಳಗಿದ್ದು ನಾನೊಬ್ಬನೇ ಒರೆಸಿ ಏನು ಮಾಡ್ಲಿ?"

ರೆಕಾರ್ಡುಗಳು ಚೀಲಗಳಲ್ಲಿ ಓಡಾಡತೊಡಗಿದವು. ಟ್ಯಾಕ್ಸಿ ಹುಡುಗಿ ತನ್ನ ಜೊತೆಯ ಡ್ರೈವರೊಬ್ಬನಿಗೆ ಕ್ಯಾಸೆಟ್ಟು ದಾಟಿಸಿದಳು. ಅವನು ಯಾರೆಂದು ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ, ಆದರೂ ಅವನಿಗೆ ಏನು ಹಿಡಿಸಿತು ಅಂತ ದಿನಾ ವಿಚಾರಿಸುತ್ತಿದ್ದರು. ಮಗ ಒಂದು ದಿನ ಫ್ಯಾಕ್ಟರಿಗೆ ಹೋಗುವಾಗ, "ಅಪ್ಪ, ಹಿಟ್ಟು ಕಲಸೋವಾಗ ಕೇಳೋ ಹಾಗೆ ಏನಾದ್ರೂ ಇದೆಯಾ?" ಅಂತ ಕೇಳಿದ. ಮೇಷ್ಟ್ರು ಒಂದು ಇಡೀ ದಿನ ಕೂತು ಯೋಚಿಸಿ, ಮೃದಂಗದ್ದೊಂದು ಕ್ಯಾಸೆಟ್ಟು ಆರಿಸಿ ಕೊಟ್ಟರು.

ಮುಂದಿನ ಬೈಠಕ್ಕು ಪಿಟೀಲು ಟೀಚರ್ ಮನೆಯಲ್ಲಿ. ಎರಡು ಕೋಣೆಯ ಪುಟ್ಟ ಮನೆ. ಟೀಚರ್ ತಾವೇ ಟೀ ಮಾಡಿದರು, ಸಕ್ಕರೆ ಮರೆತರು, ಯಾರೂ ಹೇಳಲಿಲ್ಲ. ಜೋಡಿ ಪಿಟೀಲಿನ ರೆಕಾರ್ಡು ಹಾಕಿದರು. ಹೊಲಿಗೆಯಮ್ಮ ಗಂಡನ ಪಕ್ಕ ಕೂತು ಅವರ ಎಡಗಿವಿಗೆ ಬಾಗಿದಳು. ಒಬ್ಬ ಪಿಟೀಲಿನವನು ತುಂಬಾ ಹೊತ್ತು ಮುಂದೆ ನಿಂತು ಮೆರೆದ, ಇನ್ನೊಬ್ಬ ಹಿಂದೆ ಶ್ರುತಿ ಹಿಡಿದುಕೊಂಡೇ ಇದ್ದ. ಆಮೇಲೆ ಆ ಹಿಂದಿನವನು ಮೇಲಿನ ಸ್ವರಕ್ಕೆ ಬಂದ.

"ಈಗ ಎರಡನೆಯವನು ಶುರು ಮಾಡ್ದ," ಅಂದಳು. "ಸಿಟ್ಟಲ್ಲಿದ್ದಾನೆ."

ಔಷಧಿ ಅಂಗಡಿಯಣ್ಣ ಕಣ್ಣು ಬಿಟ್ಟ. "ಸಿಟ್ಟಲ್ಲ ಅಕ್ಕಾ, ದುಃಖ ಅದು. ಎಲ್ಲರೂ ದುಃಖ ಅಂತಾನೇ ಹೇಳೋದು."

"ಎಲ್ಲರೂ ಹೇಳ್ಲಿ. ಇದು ಸಿಟ್ಟು. ಬಾಯಿ ಬಿಡದೆ ಕೆಲಸ ಮಾಡ್ಕೊಂಡು ಹೋಗೋರ ಸಿಟ್ಟು ಹೀಗೇ ಇರೋದು. ಮೇಲೆ ನುಣ್ಣಗೆ ಕಾಣುತ್ತೆ."

ಟೀಚರ್ ಅವಳನ್ನೇ ನೋಡಿದರು, ತಲೆದೂಗಿದರು. ಹುಡುಗಿ ನಗು ತಡೆದುಕೊಂಡು ನೆಲ ನೋಡಿದಳು.

ಮೇಷ್ಟ್ರು ಹೆಂಡತಿಯ ಕಡೆ ತಿರುಗಿ ತುಂಬಾ ಹೊತ್ತು ನೋಡುತ್ತ ಕೂತರು. ಆಮೇಲೆ ಅವಳಿಗೆ ಮಾತ್ರ ಕೇಳಲಿ ಅಂತ ಮೆಲ್ಲಗೆ ಕೇಳಿದರು. ಆದರೆ ಕಿವಿ ಮಂದವಾದವರ ಮೆಲ್ಲನೆ ಮಾತು ಕೋಣೆಗೆಲ್ಲ ಕೇಳಿಸಿತು.

"ಬಹಳ ವರ್ಷದ ಸಿಟ್ಟಾ ಅದು?"

"ಶ್, ಸುಮ್ಮನಿರಿ," ಅಂದಳು ಹೊಲಿಗೆಯಮ್ಮ, ಅವರ ಕೈ ಮೇಲೆ ಕೈಯಿಟ್ಟು. "ಈಗ ಇಳೀತಾ ಇದೆ."